ಸೆಲೆಕ್ಟ್ ಆಗಿದ್ದೀರಿ, ಈಗ ದುಡ್ಡು ಕಟ್ಟಿ

ಸೋಷಿಯಲ್ ಮೀಡಿಯಾದಲ್ಲಿ ಕಂಟೆಂಟ್ ಮಾಡುವವರಿಗೂ ಕಂಪನಿಗಳಿಗೂ ಒಪ್ಪಂದ ಕುದುರಿಸುವುದು ನನ್ನ ಕೆಲಸ. ಎಷ್ಟು ರೀಲ್, ಎಷ್ಟು ದುಡ್ಡು, ಫೋಟೋ ಎಷ್ಟು ದಿನ ಬಳಸಬಹುದು, ಇಂಥವು ದಿನದ ಮಾತು. ಆದರೆ ನನಗೆ ಜಾಸ್ತಿ ಬರುವ ಪ್ರಶ್ನೆ ಬೇರೆಯೇ. ಒಂದು ಸ್ಕ್ರೀನ್‌ಶಾಟ್ ಬರುತ್ತದೆ, ಅದರ ಕೆಳಗೆ "ಸಾರ್, ಇದು ನಿಜಾನಾ?" ಅಂತ ಇರುತ್ತದೆ.

ಸ್ಕ್ರೀನ್‌ಶಾಟ್‌ನಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ ಕಥೆ. ನಿಮ್ಮ ಫೋಟೋ ಕೆಳಗೆ ಯಾರೋ ಕಾಮೆಂಟ್ ಹಾಕಿದ್ದಾರೆ, ನಿಮ್ಮ ಸ್ಟೈಲ್ ತುಂಬಾ ಇಷ್ಟ ಆಯ್ತು, ನಮ್ಮ ಬ್ರ್ಯಾಂಡ್ ಅಂಬಾಸಿಡರ್ ಆಗ್ತೀರಾ, ಮೆಸೇಜ್ ಮಾಡಿ. ಮಾಡಿದ ಐದೇ ನಿಮಿಷಕ್ಕೆ ಸೆಲೆಕ್ಟ್. ಆಮೇಲೆ ಅರ್ಧ ಬೆಲೆಯ ಕೋಡ್ ಬರುತ್ತದೆ. ಇಲ್ಲವೇ "ವಸ್ತು ಫ್ರೀ, ಶಿಪ್ಪಿಂಗ್ ಮಾತ್ರ ನಿಮ್ಮದು."

ಆ ಕಾಮೆಂಟ್ ಹಾಕುವುದು ಬಹಳ ಸಲ ಮನುಷ್ಯರಲ್ಲ, ಹ್ಯಾಶ್‌ಟ್ಯಾಗ್ ಹಿಡಿದು ಹುಡುಕಿ ತಾನೇ ಕಾಮೆಂಟ್ ಹಾಕುವ ಬಾಟ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ. ನನ್ನ ಪರಿಚಯದವರೊಬ್ಬರ ಅಕೌಂಟ್‌ನಲ್ಲಿ ಕಳ್ಳಿ ಗಿಡಗಳ ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಅವರಿಗೂ ಈಜುಡುಗೆ ಕಂಪನಿಯೊಂದರ ಆಹ್ವಾನ ಬಂದಿತ್ತು. ಅವರಿಗೆ ಎರಡು ದಿನ ಖುಷಿಯೋ ಖುಷಿ, ನಾನೂ ಹಾಳು ಮಾಡಲಿಲ್ಲ.

ಕಾಗುಣಿತ ತಪ್ಪು, ನಿನ್ನೆ ಹುಟ್ಟಿದ ಅಕೌಂಟ್, ಇವನ್ನೆಲ್ಲ ನೀವೇ ಪತ್ತೆ ಮಾಡುತ್ತೀರಿ. ಬ್ಲೂ ಟಿಕ್ ಬಗ್ಗೆ ಮಾತ್ರ ಒಂದು ಮಾತು. 2023ರಿಂದ ಇನ್‌ಸ್ಟಾಗ್ರಾಂನಲ್ಲಿ ಅದನ್ನು ತಿಂಗಳ ಚಂದಾ ಕಟ್ಟಿಯೂ ಪಡೆಯಬಹುದು. ಅದನ್ನು ನೋಡಿ ನಂಬಬೇಡಿ.

ಈಗ ನನಗೆ ತಲೆಬಿಸಿ ತರುವ ವಿಷಯ. ಇಷ್ಟೆಲ್ಲ ಹೇಳಿದ ಮೇಲೆ ಎದುರಿನವರು ಕೇಳುವುದು ಹೀಗೆ: "ಆದರೆ ವಸ್ತು ಬಂತಲ್ಲ ಸಾರ್, ಮತ್ತೆ ಮೋಸ ಹೇಗೆ?" ಬಂತು, ಒಪ್ಪಿದೆ. ಅಂಗಡಿಗೆ ಹೋಗಿ ದುಡ್ಡು ಕೊಟ್ಟರೂ ವಸ್ತು ಬರುತ್ತದೆ, ಅಲ್ವಾ? ಅಂಗಡಿಯವರು ಅದಕ್ಕಾಗಿ ನಿಮ್ಮನ್ನು ಅಂಬಾಸಿಡರ್ ಅಂತ ಕರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕೋಣ. ಒಂದು ವಾಚು ಸಗಟಿನಲ್ಲಿ 10ಕ್ಕೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ವೆಬ್‌ಸೈಟ್‌ನಲ್ಲಿ 100 ಅಂತ ಬರೆದು, ಅದರ ಮೇಲೆ ಗೀಟು ಎಳೆದು, ನಿಮಗೆ ಮಾತ್ರ 50 ಅನ್ನುತ್ತಾರೆ. ಕಳಿಸುವ ಖರ್ಚು 5 ಕಳೆದರೂ ಕಂಪನಿಗೆ 35 ಉಳಿಯಿತು. "ಫ್ರೀ" ಅಂದವರು ಶಿಪ್ಪಿಂಗ್‌ಗೆ 20 ತಗೊಂಡರೆ? ವಾಚಿನ 10, ಕಳಿಸಲು 5, ಆಗಲೂ 5 ಲಾಭ. ಇಷ್ಟರಲ್ಲಿ ನೀವಿನ್ನೂ ಒಂದು ಫೋಟೋ ಕೂಡ ಹಾಕಿಲ್ಲ. ನಿಮ್ಮ ಫಾಲೋವರ್ಸ್‌ನಲ್ಲಿ ಯಾರಾದರೂ ಕೊಂಡರೆ ಅದು ಬೋನಸ್. ಕೊಳ್ಳದಿದ್ದರೂ ಚಿಂತೆಯಿಲ್ಲ, ನಿಮ್ಮಂಥ ಸಾವಿರ ಅಂಬಾಸಿಡರ್‌ಗಳು ಇದ್ದಾರೆ. ವ್ಯಾಪಾರ ನಡೆಯುತ್ತಿರುವುದೇ ಅವರ ಜೊತೆ.

ಹಾಗಾಗಿ ನಾನು ಎಲ್ಲರಿಗೂ ಕೇಳಿಕೊಳ್ಳಲು ಹೇಳುವುದು ಒಂದೇ ಪ್ರಶ್ನೆ. ನನ್ನ ಪೋಸ್ಟ್ ನೋಡಿ ಒಬ್ಬರೂ ಏನೂ ಕೊಳ್ಳದಿದ್ದರೆ ಕಂಪನಿಗೆ ನಷ್ಟವೋ ಲಾಭವೋ? ನಿಜವಾದ ಜಾಹೀರಾತು ತೋಪಾದರೆ ಕಂಪನಿಯ ದುಡ್ಡು ಹೋಗುತ್ತದೆ. ಅದಕ್ಕೇ ಅವರು ನಿಮ್ಮ ಅಂಕಿಅಂಶ ಕೇಳುತ್ತಾರೆ, ಹಳೇ ಪೋಸ್ಟ್ ನೋಡುತ್ತಾರೆ, ಒಪ್ಪಂದಕ್ಕೆ ವಾರಗಟ್ಟಲೆ ಸತಾಯಿಸುತ್ತಾರೆ. ನೀವು ತೋಪಾದರೂ ಲಾಭ ಆಗುವ ಕಂಪನಿಗೆ ನಿಮ್ಮನ್ನು ಆರಿಸಲು ಐದು ನಿಮಿಷವೂ ಜಾಸ್ತಿ.

ನಮ್ಮ ಕೋಡ್ ಬಳಸಿ ಯಾರಾದರೂ ಕೊಂಡರೆ ಕಮಿಷನ್ ಉಂಟಲ್ಲ ಅನ್ನುತ್ತೀರಿ. ಉಂಟು, ಕಾಗದದ ಮೇಲೆ. ಇಷ್ಟು ಮಾರಾಟ ಆದ ಮೇಲೆ ಮಾತ್ರ ಕೈಗೆ ಅಂತ ಒಂದು ಗೆರೆ ಇರುತ್ತದೆ. ಆ ಗೆರೆ ದಾಟುವವರು ಕಡಿಮೆ. ಆ ಬ್ರ್ಯಾಂಡನ್ನು ಟ್ಯಾಗ್ ಮಾಡಿದವರ ಪೋಸ್ಟ್‌ಗಳನ್ನು ಒಮ್ಮೆ ತೆಗೆದು ನೋಡಿ. ಎಲ್ಲರ ಬಯೋದಲ್ಲೂ ಒಂದೊಂದು ಕೋಡ್, ಎಲ್ಲರೂ ಅಂಬಾಸಿಡರ್‌ಗಳೇ. ಕೊಳ್ಳುವವರು ಯಾರು? ಇಬ್ಬರು ಮೂವರಿಗೆ ಮೆಸೇಜ್ ಮಾಡಿ, ದುಡ್ಡು ಬಂತಾ ಅಂತ ಕೇಳಿ. ವಸ್ತುವಿನ ಫೋಟೋವನ್ನು ಇಮೇಜ್ ಸರ್ಚ್‌ಗೆ ಹಾಕಿ. ಅದೇ ಫೋಟೋ ಸಗಟು ಸೈಟ್‌ಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಇಲ್ಲಿ ಸ್ವಲ್ಪ ಎಚ್ಚರಿಕೆಯ ಮಾತು. ಇವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಹೇಳಿದ್ದನ್ನು ಕಳಿಸಿದರೆ ಬಹಳ ಕಡೆ ಅದು ಕಾನೂನಿನ ಪ್ರಕಾರ ಸಾಮಾನ್ಯ ಮಾರಾಟವೇ. ಮೊದಲು ನೀವೇ ಕೊಳ್ಳಿ, ಆಮೇಲೆ ದುಡ್ಡು ವಾಪಸ್ ಅನ್ನುವ ಕೆಲವು ನಿಜವಾದ ಕ್ಯಾಂಪೇನ್‌ಗಳೂ ಇವೆ. ಆದರೆ ಅಲ್ಲಿ ವಾಪಸ್ ಯಾವಾಗ, ಯಾರಿಂದ ಅನ್ನುವುದು ಬರಹದಲ್ಲಿ ಇರಬೇಕು. ಒಳ್ಳೆಯ ರಿವ್ಯೂ ಬರೆದರೆ ಮಾತ್ರ ವಾಪಸ್ ಅಂದರೆ ಎದ್ದು ಬನ್ನಿ. ಟ್ರೈನಿಂಗ್ ಶುಲ್ಕ, ಪೋರ್ಟ್‌ಫೋಲಿಯೋ ಶುಲ್ಕ, ವಾಪಸ್ ಕೊಡುವ ಡೆಪಾಸಿಟ್, ಇವನ್ನು ಕೇಳಿದರೆ ಕಟ್ಟಲೇಬೇಡಿ, ಇವುಗಳ ಬಗ್ಗೆ ನನ್ನ ಹತ್ತಿರ ಚರ್ಚೆಗೂ ಬರಬೇಡಿ. ನಾನಂತೂ ಕ್ಲೈಂಟ್‌ಗಳಿಂದ ಮುಂಗಡ ಕೇಳುವುದಿಲ್ಲ. ಅವರಿಗೆ ದುಡ್ಡು ಬಂದ ಮೇಲೆ ಅದರಲ್ಲಿ ನನ್ನ ಪಾಲು.

ಇನ್ನೊಂದು ವಿಚಿತ್ರ ನೋಡಿ. ಕೈಯಿಂದ ದುಡ್ಡು ಕೊಟ್ಟು ಅಂಬಾಸಿಡರ್ ಆದರೂ ನಿಮ್ಮ ಕೋಡ್‌ಗೆ ಕಮಿಷನ್ ಇದ್ದರೆ ಅದನ್ನು ಪೋಸ್ಟ್‌ನಲ್ಲಿ ತಿಳಿಸಬೇಕು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ನಿಯಮ ಹೀಗೇ ಹೇಳುತ್ತದೆ. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೇ ಅಂತ ಮಾರ್ಗಸೂಚಿ ತಂದಿತು, ಅದೂ ಇದನ್ನೇ ಕೇಳುತ್ತದೆ. ಅಂದರೆ ಗಳಿಕೆ ಇಲ್ಲದಿದ್ದರೂ ಹೊಣೆ ಮಾತ್ರ ನಿಮಗೆ ತಪ್ಪಿದ್ದಲ್ಲ.

ನನಗೆ ಸಿಟ್ಟಿಗಿಂತ ಸಂಕಟ ಆಗುವುದು ಮಕ್ಕಳ ವಿಷಯದಲ್ಲಿ. ತಾಯಿಯೊಬ್ಬರು ಮಗುವನ್ನು ಬಟ್ಟೆ ಬ್ರ್ಯಾಂಡೊಂದರ ಅಂಬಾಸಿಡರ್ ಮಾಡಿ, ಫೋಟೋ ಹಾಕಲು ಅಂತ ತಿಂಗಳು ತಿಂಗಳು ಅವರಿಂದಲೇ ಹೊಸ ಬಟ್ಟೆ ಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದದ್ದು ಒಪ್ಪಂದ ಮುಂದುವರಿಸುವ ಬಗ್ಗೆ ಕೇಳಲು. ಅದರಲ್ಲಿ ಮಗುವಿನ ಫೋಟೋಗಳನ್ನು ಎಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ ಬಳಸುವ ಹಕ್ಕು ಕಂಪನಿಗೆ ಇತ್ತು. ಅವರು ಓದಿದ್ದು ಡಿಸ್ಕೌಂಟ್ ಇರುವ ಪುಟ ಮಾತ್ರ. ಪಾಪ, ಅವರದೂ ತಪ್ಪಲ್ಲ. ನಮ್ಮ ಮಗು ಚೆಂದ ಅಂತ ಯಾರಾದರೂ ಹೇಳಿದರೆ ಯಾರು ತಾನೇ ಸಣ್ಣ ಅಕ್ಷರ ಓದುತ್ತಾರೆ! ಫೋಟೋ ತೆಗೆಸಲು ಕಂಪನಿಗೆ ಪತ್ರ ಬರೆದೆವು, ಕೆಲವನ್ನು ತೆಗೆದರು.

ಈಗಾಗಲೇ ದುಡ್ಡು ಕಟ್ಟಿ, ವಸ್ತುವೂ ಬರದಿದ್ದರೆ, ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬೇಗ ಬ್ಯಾಂಕಿಗೆ ದೂರು ಕೊಡಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ ವಾಪಸ್ ಸಿಗುವ ಸಾಧ್ಯತೆ ಇದೆ, ಆದರೆ ಅದಕ್ಕೆ ಗಡುವು ಇರುತ್ತದೆ. ಇನ್ನೂ ಕಟ್ಟಿಲ್ಲ ಅಂದರೆ ಸುಮ್ನೆ ಒಂದು ಉತ್ತರ ಕಳಿಸಿ ನೋಡಿ: "ವಸ್ತು ಕಳಿಸಿ, ಅದರ ಬೆಲೆಯನ್ನು ನನ್ನ ಮೊದಲ ಕಮಿಷನ್‌ನಲ್ಲಿ ಮುರಿದುಕೊಳ್ಳಿ." ನನ್ನ ಕ್ಲೈಂಟ್ ಒಬ್ಬಳು ಹೀಗೆ ಬರೆದಳು. ಅವರು ಉತ್ತರವಾಗಿ ಇನ್ನೂ ದೊಡ್ಡ ಡಿಸ್ಕೌಂಟ್ ಕೋಡ್ ಕಳಿಸಿದರು.