ಬಾಣದ ಮೊನೆ ಮಡಚಿಕೊಂಡಾಗ

ಖಂಡೇಪೂಜೆಯ ದಿನ ಬೆಳಗಾವಿ ಉದ್ಯಮಬಾಗದ ನಮ್ಮ ಕಾರ್ಖಾನೆಯಲ್ಲಿ ಯಾವ ಯಂತ್ರವೂ ತಿರುಗುವುದಿಲ್ಲ. ಕುಲುಮೆ ಆರಿರುತ್ತದೆ. ಅಳತೆಯ ಸಾಮಾನುಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು, ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತೇವೆ. ಕಳೆದ ದಸರೆಯಲ್ಲಿ ಆ ಸಾಲಿನ ಕೊನೆಗೆ, ಮೈಕ್ರೋಮೀಟರಿನ ಪಕ್ಕದಲ್ಲಿ, ಅಮೆರಿಕದಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಮೂರು ಬಾಣದ ಮೊನೆಗಳನ್ನು ತಂದಿಟ್ಟ. “ಮಾಮಾ, ಇವಕ್ಕೂ ಒಂದಿಷ್ಟು ಕುಂಕುಮ ಇರಲಿ. ನಾಳೆ ಇವುಗಳ ಜಾತಕ ನೋಡಿ ಹೇಳಿ” ಎಂದ.

ಮೂರರಲ್ಲಿ ಒಂದರ ತುದಿ ಮೀನಿನ ಗಾಳದಂತೆ ಮಡಚಿಕೊಂಡಿತ್ತು. ಇನ್ನೊಂದರ ಅಲಗು ಮುಕ್ಕಾಗಿತ್ತು. ಮೂರನೆಯದು ನೆಟ್ಟಗಿತ್ತು. ಅವನಿರುವುದು ಕೊಲರಾಡೊದಲ್ಲಿ. ಅಲ್ಲಿ ಗಾಲಿ, ತಂತಿಗಳ ಕಾಂಪೌಂಡ್ ಬಿಲ್ಲನ್ನು ಬಿಟ್ಟು ತುದಿಗಳು ಮುಂದಕ್ಕೆ ಬಾಗಿದ ಕಟ್ಟಿಗೆಯ ರಿಕರ್ವ್ ಬಿಲ್ಲಿನ ಹುಚ್ಚು ಹಿಡಿಸಿಕೊಂಡಿದ್ದಾನೆ. ಸೆಪ್ಟೆಂಬರಿನಲ್ಲಿ ಇಪ್ಪತ್ತು ಗಜದಿಂದ ಎಲ್ಕ್ ಒಂದಕ್ಕೆ ಬಾಣ ಬಿಟ್ಟನಂತೆ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ ಪ್ರಾಣಿ, ದೊಡ್ಡ ಗಂಡು 300 ಕಿಲೋ ಮೀರುತ್ತದೆ. ಬಾಣ ಭುಜದ ಎಲುಬಿಗೆ ಬಡಿಯಿತು, ಮೊನೆ ಮಡಚಿತು, ಎರಡು ಇಂಚು ಹೊಕ್ಕ ಬಾಣ ಅಲ್ಲಿಯೇ ಕಳಚಿ ಬಿತ್ತು. ಅಂದು ಕತ್ತಲಾಗುವವರೆಗೆ, ಮರುದಿನ ಇಡೀ ಹಗಲು ಹುಡುಕಿದರೂ ಪ್ರಾಣಿ ಸಿಗಲಿಲ್ಲ. ಇಷ್ಟು ಹೇಳಿ ಅವನು ಮಾತು ನಿಲ್ಲಿಸಿದ. ನಾನೂ ಕೆದಕಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ದೇಶದಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಓದಿ ಯಾರೂ ಖಾನಾಪುರದ ಕಾಡಿನ ಕಡೆ ಮುಖ ಮಾಡಬೇಡಿ. ಅಮೆರಿಕದಲ್ಲಿ ಪರವಾನಗಿ, ಋತು, ಸಾಧನ ಎಲ್ಲಕ್ಕೂ ನಿಯಮವಿದೆ. ಕೊಲರಾಡೊದಲ್ಲಿ ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್ ಇರಬೇಕು. ಮೊನೆ ಕನಿಷ್ಠ ಮುಕ್ಕಾಲು ಇಂಚಿನ ಮೇಲೆ ಒಂದು ನೂಲು ಅಗಲ, ಅಂದರೆ ಸುಮಾರು 22 ಮಿಲಿಮೀಟರ್ ಇದ್ದು, ಅದಕ್ಕೆ ಉಕ್ಕಿನ ಎರಡು ಅಲಗುಗಳಾದರೂ ಇರಬೇಕು. ನಾನು ಬಿಲ್ಲು ಹಿಡಿದವನಲ್ಲ, ಉಕ್ಕಿಗೆ ಹದ ಕೊಡುವವನು. ಅವನು ಕೇಳಿದ್ದೂ ಉಕ್ಕಿನ ವಿಷಯವನ್ನೇ.

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡದ್ದಾಯಿತು. ಅದರ ಮರುದಿನ ಮೂರನ್ನೂ ರಾಕ್‌ವೆಲ್ ಯಂತ್ರಕ್ಕೆ ಇಟ್ಟೆ. ವಜ್ರದ ಶಂಕುವನ್ನು 150 ಕಿಲೋ ಭಾರದಲ್ಲಿ ಒತ್ತಿ, ಅದು ಎಷ್ಟು ಆಳ ಇಳಿಯಿತೆಂದು ಅಳೆದು ಗಡಸುತನ ಹೇಳುವ ಯಂತ್ರವದು. ಮಡಚಿದ್ದು 44 ತೋರಿಸಿತು. ಮುಕ್ಕಾದದ್ದು 60. ನೆಟ್ಟಗಿದ್ದದ್ದು 54. ಜಾತಕದ ಮುಕ್ಕಾಲು ಪಾಲು ಈ ಮೂರು ಅಂಕಿಗಳಲ್ಲೇ ಇತ್ತು. 44ರ ಉಕ್ಕು ಮೆತ್ತಗೆ, ಎಲುಬಿಗೆ ಬಡಿದರೆ ಮಣಿಯುತ್ತದೆ. 60ರ ಉಕ್ಕು ಗಡಸು, ಆದರೆ ತೆಳ್ಳಗಿನ ಅಲಗಿನಲ್ಲಿ ಪೆಡಸು. ಅವನ ಬಾಣ ಒಮ್ಮೆ ಗುರಿ ತಪ್ಪಿ ಕಲ್ಲಿಗೆ ತಾಗಿದಾಗ ಹಲ್ಲು ಉದುರಿದಂತೆ ಚೂರು ಹಾರಿತ್ತು. 52ರಿಂದ 56ರ ನಡುವೆ ಇದ್ದರೆ ಏಟನ್ನೂ ತಾಳುತ್ತದೆ, ಹರಿತವನ್ನೂ ಹಿಡಿದುಕೊಳ್ಳುತ್ತದೆ. ಒಳ್ಳೆಯ ಮೊನೆಗಳಿಗೆ ಎಸ್7, ಎ2ನಂತಹ ಟೂಲ್ ಸ್ಟೀಲ್ ಬಳಸುತ್ತಾರೆ. ಎಸ್7 ಏಟು ತಿನ್ನುವುದಕ್ಕೆಂದೇ ಹುಟ್ಟಿದ ಉಕ್ಕು, ನಮ್ಮಲ್ಲಿ ಚಾಣ, ಪಂಚುಗಳಿಗೆ ಹೋಗುತ್ತದೆ. ಆದರೆ ಉಕ್ಕಿನ ಹೆಸರಿಗೆ ಮರುಳಾಗಬೇಡಿ. ಅದೇ ಉಕ್ಕು ಒಬ್ಬನ ಕುಲುಮೆಯಲ್ಲಿ ಚಿನ್ನ, ಇನ್ನೊಬ್ಬನ ಕುಲುಮೆಯಲ್ಲಿ ಗುಜರಿ.

ಯಂತ್ರವಿಲ್ಲದವರು ಹೊಸ ಅರವೊಂದನ್ನು ಅಲಗಿನ ಮೇಲೆ ಮೆಲ್ಲಗೆ ಎಳೆದು ನೋಡಬಹುದು. ಗಾಜಿನ ಮೇಲೆ ಎಳೆದಂತೆ ಜಾರಿ ಕಿರ್ರೆಂದರೆ ಅತಿ ಗಡಸು. ಬೆಣ್ಣೆಯಂತೆ ತಿನ್ನುತ್ತ ಹೋದರೆ ಮೆತ್ತಗೆ. ತುಸು ಒತ್ತಿದಾಗ ಮಾತ್ರ ಕಚ್ಚಿ, ಸಣ್ಣ ಹೊಳೆಯುವ ಪುಡಿ ಬಿಟ್ಟರೆ ಅದನ್ನು ಕೊಳ್ಳಿ.

ಈ ಅರದ ಮಾತು ಬಂದಾಗ ಅವನು ತಕರಾರು ತೆಗೆದ. “ಅರಕ್ಕೆ ಬಗ್ಗುವ ಉಕ್ಕು ಏಕೆ ಬೇಕು ಮಾಮಾ? ಕಾರ್ಖಾನೆಯಿಂದಲೇ ಕ್ಷೌರದ ಬ್ಲೇಡಿನಷ್ಟು ಹರಿತವಾಗಿ ಬರುತ್ತವಲ್ಲ?” ಅವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಗೋಕಾಕ ರಸ್ತೆಯ ಕಬ್ಬಿನ ಹೊಲವೊಂದಕ್ಕೆ ಕರೆದೊಯ್ದೆ. ಕಟಾವಿನ ಗ್ಯಾಂಗ್ ಕೆಲಸಕ್ಕೆ ಇಳಿದಿತ್ತು. ಕೊಯ್ತಾ ಹಿಡಿದ ಹೆಣ್ಣುಮಗಳೊಬ್ಬಳು ಅರ್ಧ ಸಾಲು ಕಡಿದು, ಬದುವಿನ ಮೇಲೆ ಕುಳಿತು, ಕೊಯ್ತಾದ ಹಿಡಿಯನ್ನು ಕಾಲಿನಿಂದ ಒತ್ತಿಕೊಂಡು ಅರದಿಂದ ಎಂಟು ಹತ್ತು ಸಲ ಎಳೆದಳು. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಸವರಿ ನೋಡಿ ಮತ್ತೆ ಸಾಲಿಗೆ ಇಳಿದಳು. ಒಂದು ನಿಮಿಷವೂ ಆಗಿರಲಿಲ್ಲ. ಲಾರಿಯ ಕಮಾನು ಪಟ್ಟಿಯನ್ನು ಬಡಿದು ಕಮ್ಮಾರ ಮಾಡಿಕೊಟ್ಟ ಕೊಯ್ತಾ ಅದು. ಅವನು ಬೇಕೆಂದರೆ ಇನ್ನೂ ಗಡಸು ಮಾಡಬಲ್ಲ. ಮಾಡುವುದಿಲ್ಲ, ಏಕೆಂದರೆ ಹೊಲದಲ್ಲಿ ಅರ ಕಚ್ಚದ ಕೊಯ್ತಾ ಮಧ್ಯಾಹ್ನದ ಹೊತ್ತಿಗೆ ಬರಿಯ ಬಡಿಗೆ.

ಕಾರ್ಖಾನೆಯ ಹರಿತ ಮೊದಲ ಬಳಕೆಯವರೆಗೆ ಮಾತ್ರ. ಬತ್ತಳಿಕೆಯಲ್ಲಿ ತಿಕ್ಕಾಡಿ, ಮಂಜಿಗೆ ತೊಯ್ದು, ಮರಳಿಗೆ ತಾಗಿ ಅದು ಹೋಗುತ್ತದೆ. ಗುರಿಯ ಅಭ್ಯಾಸಕ್ಕೆ ಬಳಸಿದ ಮೊನೆಯನ್ನು ಹಾಗೆಯೇ ಬೇಟೆಗೆ ಒಯ್ಯುವುದಂತೂ ಮೈಗಳ್ಳತನ. ಗುಂಡು ರಭಸದ ಆಘಾತದಿಂದಲೂ ಕೊಲ್ಲುತ್ತದೆ, ಬಾಣ ಮುಖ್ಯವಾಗಿ ರಕ್ತ ಹರಿಸಿ ಕೊಲ್ಲುತ್ತದೆ. ಹರಿತವಾದ ಅಲಗು ರಕ್ತನಾಳವನ್ನು ನುಣ್ಣಗೆ ಕೊಯ್ಯುತ್ತದೆ, ಗಾಯ ಬೇಗ ಹೆಪ್ಪುಗಟ್ಟುವುದಿಲ್ಲ. ಮೊಂಡು ಅಲಗು ಹರಿಯುತ್ತದೆ, ಜಜ್ಜುತ್ತದೆ, ನಾಳವನ್ನು ಪಕ್ಕಕ್ಕೆ ತಳ್ಳಿ ಸಾಗುತ್ತದೆ. ಪ್ರಾಣಿ ನಿಮಿಷದೊಳಗೆ ಬೀಳುವುದಕ್ಕೂ ಎರಡು ದಿನ ನರಳುವುದಕ್ಕೂ ಇರುವ ಅಂತರ ಬಹಳ ಸಲ ಇಷ್ಟೇ.

ಇನ್ನು ಶಕ್ತಿಯ ಲೆಕ್ಕ. ಅವನ 50 ಪೌಂಡ್ ರಿಕರ್ವ್ ಬಿಲ್ಲು 500 ಗ್ರೇನ್, ಅಂದರೆ ಸುಮಾರು 32 ಗ್ರಾಂ ತೂಕದ ಬಾಣವನ್ನು ಸೆಕೆಂಡಿಗೆ ಸುಮಾರು 175 ಅಡಿ ವೇಗದಲ್ಲಿ ಬಿಡುತ್ತದೆ. ಅಂದರೆ 46 ಜೂಲ್. ಐದು ಕಿಲೋ ಜೋಳದ ಚೀಲವನ್ನು ನೆಲದಿಂದ ಸೊಂಟದವರೆಗೆ ಎತ್ತಲು ಬೇಕಾದಷ್ಟು. ಇಂದಿನ ಕಾಂಪೌಂಡ್ ಬಿಲ್ಲು ಇದರ ಇಮ್ಮಡಿ ಕೊಡುತ್ತದೆ. ಆದ್ದರಿಂದ ಕಾಂಪೌಂಡ್‌ನವರು ಬಳಸುವ, ತಾಗಿದ ಮೇಲೆ ರೆಕ್ಕೆ ಬಿಚ್ಚಿಕೊಳ್ಳುವ ಮೊನೆಗಳನ್ನು ಇವನು ಮುಟ್ಟಲೇಬಾರದು. ಬಿಚ್ಚಿಕೊಳ್ಳಲೂ ಶಕ್ತಿ ಬೇಕು, ಕೀಲು ಇರುವಲ್ಲಿ ಮುರಿತವೂ ಇದೆ. ಇರುವ ಐದು ಕಿಲೋದಲ್ಲಿ ಬಾಗಿಲಲ್ಲೇ ಒಂದು ಕಿಲೋ ಕೊಟ್ಟರೆ ಒಳಗೆ ಹೋಗುವುದೇನು? ಒಂದೇ ತುಂಡಿನಂತಹ, ತುದಿಯಿಂದಲೇ ಕೊಯ್ಯುತ್ತ ಹೋಗುವ ಮೊನೆಯೇ ಬೇಕು.

ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರು ಅಮೆರಿಕದ ಡಾ. ಎಡ್ ಆಶ್ಬಿ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಆರಂಭಿಸಿ, ಬಾಣ ಎಷ್ಟು ಒಳಹೋಯಿತು, ಏಕೆ ಹೋಗಲಿಲ್ಲ ಎಂದು ಲೆಕ್ಕವಿಟ್ಟವರು. ಅವರ ಪಟ್ಟಿಯಲ್ಲಿ ಹರಿತಕ್ಕಿಂತ ಮೊದಲು ಬರುವುದು ಬಾಣ ಮುರಿಯದೆ, ಮಡಚದೆ ಉಳಿಯುವುದು. ಹದದ ಕುಲುಮೆಯ ಮುಂದೆ ಆಯುಷ್ಯ ಕಳೆದವನಿಗೆ ಇದು ಸಹಜವಾಗಿಯೇ ಕಾಣುತ್ತದೆ. ಅದಕ್ಕೇ ಮೊನೆ ಕೊಳ್ಳುವಾಗ ಮೊದಲು ಅಲಗನ್ನು ನೋಡಬೇಡಿ, ಬುಡ ನೋಡಿ. ಬಾಣದ ಕಡ್ಡಿ ಕೂರುವ ಕೊಳವೆ ಅಲ್ಯೂಮಿನಿಯಂ ಆಗಿದ್ದರೆ ಅದು ಉಕ್ಕಿಗಿಂತ ಮೊದಲು ಬಾಗುತ್ತದೆ. ಅಲಗು ಕೊಳವೆಗೆ ಬೆಸುಗೆಯಾಗಿರುವಲ್ಲಿ ಉಗುರಿಗೆ ಸಿಗುವ ಸಂದು ಇದ್ದರೆ ವಾಪಸು ಕೊಡಿ. ತುದಿಯ ಕೊನೆಯ ಎರಡು ಮಿಲಿಮೀಟರ್ ಸೂಜಿಯಂತಿದ್ದರೆ ಚೆಂದ ಕಾಣುತ್ತದೆ, ಎಲುಬಿಗೆ ತಾಗಿದಾಗ ಮೊದಲು ಮಡಚುವುದೂ ಅದೇ. ಅದನ್ನು ಉಳಿಯ ಬಾಯಿಯಂತೆ ತುಸು ಓರೆಯಾಗಿ ಮೊಟಕು ಮಾಡಿಕೊಳ್ಳುವುದು ಜಾಣತನ.

ಆಕಾರದ ಬಗ್ಗೆ ಅವನಿಗೆ ಹೊಲದಲ್ಲಿಯೇ ತೋರಿಸಿದೆ. ಕಬ್ಬಿನ ಹೊರೆ ಹೊತ್ತವರು ಹಲಗೆಯ ಮೇಲೆ ನಡೆದು ಲಾರಿ ಏರುತ್ತಿದ್ದರು. ಹಲಗೆ ಉದ್ದವಿದ್ದಷ್ಟೂ ಏರು ಹಗುರ. ಬಾಣದ ಮೊನೆಯೂ ಅಂಥದೇ ಇಳಿಜಾರು. ಅಗಲದ ಮೂರು ಪಟ್ಟು ಉದ್ದವಿರುವ ಎರಡು ಅಲಗಿನ ಮೊನೆ ಅಷ್ಟೇ ಶಕ್ತಿಯಲ್ಲಿ ಹೆಚ್ಚು ಆಳಕ್ಕೆ ಹೋಗುತ್ತದೆ. ಮೂರು ಅಲಗಿನದು ಗಾಯವನ್ನು ದೊಡ್ಡದು ಮಾಡುತ್ತದೆ, ಜಿಂಕೆಯ ಗಾತ್ರದ ಪ್ರಾಣಿಗೆ ಸಾಕು. ಎಲ್ಕ್‌ಗೆ, 50 ಪೌಂಡ್ ಬಿಲ್ಲಿಗೆ ನಾನು ಹೇಳುವುದಿಲ್ಲ.

ಒಂದೇ ಕಡೆ ಓರೆ ಇರುವ ಮೊನೆಗಳ ಸಂಗತಿ ಬಡಿಗರಿಗೆ ತಟ್ಟನೆ ತಿಳಿಯುತ್ತದೆ. ಉಳಿಯ ಒಂದು ಬದಿ ಚಪ್ಪಟೆ, ಒಂದು ಬದಿ ಓರೆ. ಹೊಡೆದಾಗ ಅದು ನೇರ ಇಳಿಯದೆ ಒಂದು ಕಡೆಗೆ ವಾಲುತ್ತದೆ. ಬಾಣದಲ್ಲಿ ಎರಡು ಅಲಗುಗಳು ಎದುರುಬದುರು ದಿಕ್ಕಿಗೆ ವಾಲುವುದರಿಂದ ಮೊನೆ ತಿರುಪಿನಂತೆ ತಿರುಗುತ್ತ ಹೋಗಿ ಎಲುಬನ್ನು ಸೀಳುತ್ತದೆ. ಗರಿಯೂ ಬಾಣವನ್ನು ಅದೇ ದಿಕ್ಕಿಗೆ ತಿರುಗಿಸುವಂತಿರಬೇಕು. ಬಲಗರಿಗೆ ಬಲ ಓರೆ, ಎಡಗರಿಗೆ ಎಡ ಓರೆ. ತಪ್ಪಿದರೆ ಒಂದು ಇನ್ನೊಂದನ್ನು ತಡೆಯುತ್ತದೆ.

ಹರಿತ ಮಾಡುವುದನ್ನು ಒಂದು ಸಂಜೆ ಕೂರಿಸಿ ಕಲಿಸಿದೆ. ನೆಟ್ಟಗಿದ್ದ ಮೊನೆಯ ಓರೆಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಅರ ಎಳೆಸಿದೆ. ಕಪ್ಪು ಅಂಚಿನಲ್ಲಿ ಉಳಿದು ಒಳಗೆ ಅಳಿಸಿದರೆ ಕೋನ ತೀರ ಮಲಗಿದೆ, ಅಂಚಿನಲ್ಲಷ್ಟೇ ಅಳಿಸಿದರೆ ತೀರ ಎದ್ದಿದೆ. ಎರಡು ಕಡೆ ಓರೆ ಇದ್ದರೆ ಒಂದೊಂದು ಬದಿಗೆ 20 ಡಿಗ್ರಿ, ಒಂದೇ ಓರೆಯದಾದರೆ 25ರಿಂದ 30 ಡಿಗ್ರಿ. ಎಳೆಯುತ್ತ ಹೋದಂತೆ ಆಚೆ ಬದಿಯಲ್ಲಿ ಉಗುರಿಗೆ ತಡೆಯುವ ತೆಳುವಾದ ಬರ್ ಏಳುತ್ತದೆ. ಅದು ಬುಡದಿಂದ ತುದಿಯವರೆಗೆ ಎದ್ದಾಗಲೇ ಅರ ಕೆಳಗಿಡಬೇಕು. ಹೆಚ್ಚಿನವರು ಇಲ್ಲಿಯೇ ನಿಲ್ಲಿಸುತ್ತಾರೆ, ಆ ಬರ್ ಅನ್ನೇ ಹರಿತವೆಂದು ಭ್ರಮಿಸುತ್ತಾರೆ. ಮೊದಲ ತೊಗಲಿಗೆ ತಾಗಿದೊಡನೆ ಅದು ಮಡಚಿ ಅಲಗು ಮೊಂಡಾಗುತ್ತದೆ. ಸಾಣೆಕಲ್ಲಿನ ಮೇಲೆ ಹಗುರವಾಗಿ ಆಚೆ ಈಚೆ ಎಳೆದು ಬರ್ ತೆಗೆದು, ಕೊನೆಗೆ ಹಳೆಯ ಕ್ಷೌರದಂಗಡಿಗಳಲ್ಲಿ ತೂಗುಹಾಕಿರುತ್ತಿದ್ದಂತಹ ಚರ್ಮದ ಪಟ್ಟಿಗೆ ಉಜ್ಜಬೇಕು. ಕರೆಂಟಿನ ಗ್ರೈಂಡರ್ ಬೇಡ. ಅಂಚು ನೀಲಿಗೆ ತಿರುಗಿತೆಂದರೆ ಅದು 300 ಡಿಗ್ರಿಯ ಆಸುಪಾಸಿಗೆ ಹೋಗಿದೆ, ಕಾರ್ಖಾನೆ ಕೊಟ್ಟ ಹದ ಕೆಟ್ಟಂತೆಯೇ.

ಪರೀಕ್ಷೆಗೆ ಕೈಯ ಕೂದಲು ಬೋಳಿಸಿಕೊಳ್ಳುವುದು ಅವನ ರೂಢಿ. ನಾನು ರಬ್ಬರ್ ಬ್ಯಾಂಡ್ ಕೊಟ್ಟೆ. ಎರಡು ಮೊಳೆಗಳ ನಡುವೆ ಸಡಿಲವಾಗಿ ಸಿಕ್ಕಿಸಿ ಅಲಗನ್ನು ಬರಿದೆ ಸವರಬೇಕು. ಸಡಿಲ ರಬ್ಬರ್ ರಕ್ತನಾಳದಂತೆ ಅಲಗಿನ ಮುಂದೆ ಜಾರಿಕೊಳ್ಳುತ್ತದೆ. ಮೊದಲ ಸಲ ಅವನ ಅಲಗು ಅದನ್ನು ತಳ್ಳಿತು. ನಾಲ್ಕನೆಯ ಸಲ ತುಂಡಾಯಿತು.

ತೂಕವನ್ನು ಅವರು ಗ್ರೇನ್‌ನಲ್ಲಿ ಎಣಿಸುತ್ತಾರೆ. ನಮ್ಮ ಹಳೆಯ ತೊಲ ಸರಿಯಾಗಿ 180 ಗ್ರೇನ್ (ಈಗಿನ ಪತ್ತಾರರು ಹತ್ತು ಗ್ರಾಮಿಗೇ ತೊಲ ಅನ್ನುತ್ತಾರೆ, ಅದು ಬೇರೆ ಜಗಳ). ಅವನ ಹಳೆಯ ಮೊನೆ 125 ಗ್ರೇನ್, ಮುಕ್ಕಾಲು ತೊಲವೂ ಇಲ್ಲ. ದಪ್ಪ ಎಲುಬು ಎದುರಾಗಬಹುದಾದರೆ ಬಾಣದ ಒಟ್ಟು ತೂಕ 650 ಗ್ರೇನ್, ಅಂದರೆ 42 ಗ್ರಾಂ ಇರಲಿ ಎಂಬುದು ಆಶ್ಬಿಯವರ ಸಲಹೆ. ಮುಂಭಾರ ಹೆಚ್ಚಿದರೆ ಕಡ್ಡಿ ಹೆಚ್ಚು ಬಾಗುತ್ತದೆ, ಅದಕ್ಕೆ ತಕ್ಕಂತೆ ಬಿಗಿಯಾದ ಕಡ್ಡಿ ಹುಡುಕಿಕೊಳ್ಳುವುದು ಅವನ ಪಾಡು.

ಹೊರಡುವ ಮೊದಲು ಖಡೇ ಬಜಾರಿನಲ್ಲಿ ಎಂಟು ಇಂಚಿನ ನಯವಾದ ಅರವೊಂದನ್ನು ಕೊಂಡ. ವಾರದ ಮೇಲೆ ಅಲ್ಲಿಂದ ಫೋನು ಮಾಡಿ, “ಮಾಮಾ, ಎರಡು ಅಲಗಿನದು, 200 ಗ್ರೇನ್, ಎಸ್7 ಉಕ್ಕು, ಗಡಸು 54 ಎಂದು ಬರೆದಿದ್ದಾರೆ. ಬೆಲೆ ಜಾಸ್ತಿ, ಮೂರು ಸಾಕಲ್ಲವೇ?” ಎಂದು ಕೇಳಿದ.

“ನಾಲ್ಕು ತರಿಸು” ಎಂದೆ. “ಮೂರು ಬತ್ತಳಿಕೆಗೆ. ಒಂದನ್ನು ದಪ್ಪ ಪ್ಲೈವುಡ್ಡಿಗೆ ಹತ್ತು ಸಲ ಹೊಡೆದು ತುದಿಯ ಫೋಟೋ ಕಳಿಸು.”