ಮುಚ್ಚಳದ ಮೇಲೆ ಕೆಂಡ ಯಾಕೆ?

ಮಳೆ ಹಿಡಿದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಹಲಸಿನ ಹಣ್ಣಿನ ಕೊಟ್ಟಿಗೆ ಎಂಬ ಕಡುಬಿನದ್ದೇ ಕಾರುಬಾರು. ತುಳುವ ಹಲಸಿನ (ಮೆತ್ತನೆಯ ಜಾತಿ) ಸೊಳೆ, ಅಕ್ಕಿ, ಬೆಲ್ಲ, ಕಾಯಿತುರಿ ಸೇರಿಸಿ ಕಡೆದು, ಎಲೆಯಲ್ಲಿ ಮಡಚಿ ಹಬೆಯಲ್ಲಿ ಇಡುವುದು. ಇದರಲ್ಲಿ ಸಕ್ಕರೆ ಅಂಶ ಬೇಕಾದಷ್ಟಿದೆ, ಅಕ್ಕಿಯ ಪ್ರೋಟೀನ್ ಕೂಡ ಇದೆ. ಆದರೂ ಗಂಟೆಗಟ್ಟಲೆ ಬೇಯಿಸಿದರೂ ಕೇಕಿನ ಹಾಗೆ ಮೇಲ್ಪದರ ಕೆಂಪಗಾಗಿ ಗರಿಯಾಗುವುದಿಲ್ಲ. ಸಾಗುವಾನಿ ಎಲೆಯಲ್ಲಿ ಬೇಯಿಸಿದರೆ ಕೆಂಪು ಛಾಯೆ ಬರುತ್ತದೆ, ನಿಜ. ಅದು ಎಲೆ ಬಿಟ್ಟ ಬಣ್ಣ, ಶಾಖದ್ದಲ್ಲ.

ಕಾರಣ ನೀರು. ಕುದಿಯುವ ನೀರಿನ ಹಬೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಲೆಗೆ ಎಷ್ಟೇ ಸೌದೆ ತುರುಕಿದರೂ ನೀರು ಬೇಗ ಆರುತ್ತದೆ, ಅಷ್ಟೇ. ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಕೂಡಿ ಕಂದು ಬಣ್ಣ, ಘಮ ಕೊಡುವ ಕ್ರಿಯೆಗೆ ಮೈಯಾರ್ ಕ್ರಿಯೆ ಎಂದು ಹೆಸರು. ಫ್ರಾನ್ಸಿನ ಲೂಯಿ ಕಾಮಿ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ಅದು ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಹಬೆಗೆ ಅಲ್ಲಿಯವರೆಗೆ ಹೋಗುವ ತಾಕತ್ತಿಲ್ಲ.

ಹಾಗಂತ ಹಬೆ ಕಡಿಮೆಯದ್ದೇನಲ್ಲ. ನಾಗರಪಂಚಮಿಗೆ ಅರಿಶಿನ ಎಲೆಯಲ್ಲಿ ಮಾಡುವ ಗಟ್ಟಿ ಎಂಬ ಕಡುಬು, ಕೊಂಕಣಿಯವರ ಪಾತೋಳಿ ನೋಡಿ. ಅರಿಶಿನ ಎಲೆಯ ಪರಿಮಳದಲ್ಲಿ ಆಲ್ಫಾ ಫೆಲಾಂಡ್ರೀನ್ ಎಂಬ ಎಣ್ಣೆಯಂಥ ವಸ್ತು ಇದೆ. ಒಂಟಿಯಾಗಿ ಅದು ಕುದಿಯಬೇಕಾದರೆ 170 ಡಿಗ್ರಿ ಬೇಕು. ಹಬೆಯ ಜೊತೆಗಾದರೆ 100ರೊಳಗೇ ಎಲೆ ಬಿಟ್ಟು ಹೊರಟು ಹಿಟ್ಟಿಗೆ ಸೇರುತ್ತದೆ. ಅತ್ತರು ತೆಗೆಯುವವರು ಮಾಡುವುದೂ ಇದನ್ನೇ.

ಇನ್ನು ಕಲ್ತಪ್ಪ. ರಂಜಾನ್ ಸಂಜೆ ನಮ್ಮ ಬ್ಯಾರಿ, ಮಾಪಿಳ್ಳೆ ಮನೆಗಳಲ್ಲಿ ಕಾಣುವ ತಿಂಡಿ. ಉಳಿದ ದಿನ ಚಾಯದ ಅಂಗಡಿಯಲ್ಲೂ ಸಿಗುತ್ತದೆ. ಓವನ್ ಇಲ್ಲದ ಕಾಲದ ಬೇಕಿಂಗ್ ಅಂದರೆ ಇದೇ ಎಂದು ನನ್ನ ವಾದ. ನೆನೆಸಿದ ಅಕ್ಕಿಯ ಜೊತೆ ಒಂದು ಹಿಡಿ ಅನ್ನ ಹಾಕಿ ರುಬ್ಬಿ, ಬಿಸಿ ಬೆಲ್ಲದ ಪಾಕ, ಚಿಟಿಕೆ ಸೋಡಾ ಬೆರೆಸುತ್ತಾರೆ. ಸಣ್ಣ ನೀರುಳ್ಳಿ, ತೆಂಗಿನಕಾಯಿ ಚೂರು ಎಣ್ಣೆಯಲ್ಲಿ ಕೆಂಪಗೆ ಹುರಿಯುವಾಗಲೇ ಹಿಟ್ಟನ್ನು ಮೇಲಿಂದ ಹೊಯ್ದುಬಿಡಬೇಕು. ಚುರ್ ಅನ್ನಬೇಕು. ಎಣ್ಣೆ ತಣಿದಿದ್ದರೆ ಕಲ್ತಪ್ಪ ಕಲ್ಲಪ್ಪ ಆಗುತ್ತದೆ!

ಅಕ್ಕಿಯಲ್ಲಿ ಗೋಧಿಯ ಹಾಗೆ ಗ್ಲೂಟೆನ್ ಇಲ್ಲ. ಗಾಳಿಯನ್ನು ಹಿಡಿದಿಡುವ ಆ ಜಿಗುಟು ಬಲೆ ಇಲ್ಲದ ಮೇಲೆ ಕೆಲಸ ಬೇಗ ಮುಗಿಯಬೇಕು. ಬಿಸಿ ತಾಗಿದ ಸೋಡಾ ಒಡೆದು ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡುತ್ತದೆ. ಗುಳ್ಳೆಗಳು ಮೇಲಕ್ಕೆ ದಾರಿ ಕೊರೆಯುತ್ತವೆ. ಅಷ್ಟರಲ್ಲಿ ತಳದಿಂದ ಪಿಷ್ಟ ಬೆಂದು ಗಟ್ಟಿಯಾಗುತ್ತಾ ಬರುವುದರಿಂದ ಆ ದಾರಿಗಳು ಹಾಗೇ ಉಳಿಯುತ್ತವೆ. ಕಲ್ತಪ್ಪ ಕೊಯ್ದರೆ ಉದ್ದುದ್ದ ಕೊಳವೆಗಳು ಕಾಣುತ್ತವಲ್ಲ, ಅವು ಇವೇ. ಸೋಡಾ ಒಡೆದ ಮೇಲೆ ಉಳಿಯುವ ಸೋಡಿಯಂ ಕಾರ್ಬೊನೇಟ್ ಕ್ಷಾರ. ಅದು ಮೈಯಾರ್ ಕ್ರಿಯೆಗೆ ವೇಗ ಕೊಟ್ಟು ಬಣ್ಣ ಜಾಸ್ತಿ ಮಾಡುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುವುದೂ ಅದರಿಂದಲೇ.

ಈಗ ಹೆಚ್ಚಿನವರು ವಿಸಿಲ್ ತೆಗೆದ ಕುಕ್ಕರಿನಲ್ಲಿ ಮಾಡುತ್ತಾರೆ. ಹಳೆಯ ಕ್ರಮದಲ್ಲಿ ಉರುಳಿ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಸುರಿಯುತ್ತಿದ್ದರು. ಕೆಳಗಿನ ಬೆಂಕಿ ಬೇಯಿಸುತ್ತದೆ, ಮೇಲಿನ ಕೆಂಡ ಮೇಲ್ಮೈಯ ನೀರು ಆರಿಸುತ್ತದೆ. ನೀರು ಆರಿದ ಕಡೆ ಮಾತ್ರ ಬಿಸಿ 100 ದಾಟುವುದು, ಅಲ್ಲೇ ಬಣ್ಣ ಬರುವುದು. 180 ಡಿಗ್ರಿ ಓವನ್‌ನಲ್ಲಿಟ್ಟ ಕೇಕಿನ ಒಳಭಾಗವೂ 100 ದಾಟುವುದಿಲ್ಲ, ಅದಕ್ಕೇ ಅದು ಮೆತ್ತಗೆ ಇರುತ್ತದೆ.

ಬೇಕರಿ ಕೇಕಂತೂ ತೆಂಕು ಕಡೆಯ ತಲಶ್ಶೇರಿಗೆ ಹಳೆಯದು. 1883ರ ಕ್ರಿಸ್ಮಸ್‌ಗೆ ಮಾಂಬಳ್ಳಿ ಬಾಪು ಎಂಬವರು ತೋಟದ ದೊರೆಯೊಬ್ಬರಿಗೆ ಪ್ಲಮ್ ಕೇಕ್ ಮಾಡಿಕೊಟ್ಟ ಕತೆ ಅಲ್ಲಿ ಪ್ರಸಿದ್ಧ. ಮನೆಮನೆಯಲ್ಲಿ ಕೇಕಿನ ಹುಚ್ಚು ಹತ್ತಿದ್ದು ಮಾತ್ರ 2020ರ ಲಾಕ್‌ಡೌನಿನಲ್ಲಿ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು ಕೇಕ್ ಇಟ್ಟರು. ಉಪ್ಪು ಬೆಂಕಿಯ ಬಿಸಿಯನ್ನು ಸಮನಾಗಿ ಹಂಚುತ್ತದೆ. ಆದರೆ ಬಿಸಿ ಬರುವುದು ಕೆಳಗಿಂದ ಮಾತ್ರ. ತಳ ಕಂದು, ನೆತ್ತಿ ಬಿಳಿಚು. ಮಗುಚಿ ಹಾಕಿ ತಳವನ್ನೇ ಮೇಲೆ ತೋರಿಸಿದವರು ಎಷ್ಟೋ ಜನ! ಕರೆಂಟಿನ ಓವನ್ ಇದ್ದರೆ ಕಲ್ತಪ್ಪಕ್ಕೂ ಕೇಕಿಗೂ ಕೊನೆಯ ಕೆಲವು ನಿಮಿಷ ಮೇಲಿನ ರಾಡ್ ಹಾಕಿ ನೋಡಿ. ಹತ್ತಿರವೇ ನಿಂತಿರಿ, ಬೆಲ್ಲ ಇರುವ ಹಿಟ್ಟು ಬೇಗ ಸೀಯುತ್ತದೆ.