ಐಜೆಮ್ ‘ಚಿನ್ನ’ ಅಂದರೆ ಫಸ್ಟ್ ಪ್ರೈಜ್ ಅಲ್ಲ

ಮೊನ್ನೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಇನ್ನೊಂದು ಫ್ಲೆಕ್ಸ್ ಕಂಡೆ. ಐಜೆಮ್ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆದ ತಂಡದ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ‘ಜಗತ್ತಿಗೇ ಪ್ರಥಮ’. ಈ ಮಾತನ್ನು ಎಷ್ಟು ಸಲ ಓದಿದೆನೋ! ಮಕ್ಕಳ ಸಾಧನೆ ದೊಡ್ಡದೇ. ಅದಕ್ಕೆ ಹಚ್ಚಿದ ಪದ ತಪ್ಪು.

2004ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐದು ತಂಡಗಳಿಂದ ಶುರುವಾದ ಈ ಸಿಂಥೆಟಿಕ್ ಬಯಾಲಜಿ (ಬ್ಯಾಕ್ಟೀರಿಯಾದಂಥ ಜೀವಿಗಳ ಜೀನ್ ತಿದ್ದಿ ಹೊಸ ಕೆಲಸ ಮಾಡಿಸುವ ವಿಜ್ಞಾನ) ಸ್ಪರ್ಧೆಯಲ್ಲಿ ಪದಕ ಅಂದರೆ ಸ್ಥಾನ ಅಲ್ಲ, ಮಟ್ಟ. ಆ ಮಟ್ಟ ಮುಟ್ಟಿದ ಎಲ್ಲಾ ತಂಡಗಳಿಗೂ ಚಿನ್ನ. ನೂರು ತಂಡ ಮುಟ್ಟಿದರೆ ನೂರಕ್ಕೂ.

ಕರಾವಳಿಯವರಿಗೆ ಇದು ಹೊಸದೇನಲ್ಲ. ಕಂಬಳವನ್ನೇ ನೋಡಿ. ಹಗ್ಗ, ನೇಗಿಲು ವಿಭಾಗದಲ್ಲಿ ಜೋಡಿಗೆ ಜೋಡಿ ಎದುರು, ಓಟದಲ್ಲಿ ಗೆದ್ದವರು ಪ್ರಥಮ. ಕನೆಹಲಗೆಯಲ್ಲಿ ಹಾಗಲ್ಲ. ಕೋಣ ಓಡುವಾಗ ಹಲಗೆಯ ತೂತಿನಿಂದ ಕೆಸರುನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಯ, ಅಂದರೆ ಕೋಣ ಓಡುವ ಕೆಸರುಗದ್ದೆಯ, ಮೇಲೆ ಅಡ್ಡಕ್ಕೆ ಬಿಳಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ. ಎಲ್ಲರ ಕಣ್ಣೂ ಆ ಬಟ್ಟೆ ಒದ್ದೆಯಾಯಿತಾ ಅಂತಲೇ. ನೀರು ಮುಟ್ಟಿಸಿದ ಜೋಡಿ ಗೆದ್ದ ಹಾಗೆ. ಇನ್ನೊಂದು ಜೋಡಿಯೂ ಮುಟ್ಟಿಸಿದರೆ ಇವರದ್ದೇನೂ ಕಮ್ಮಿಯಾಗುವುದಿಲ್ಲ. ಐಜೆಮ್ ಪದಕ ಈ ಕನೆಹಲಗೆಯ ಲೆಕ್ಕ.

ಗೊಂದಲದ ಬೇರು ಒಲಿಂಪಿಕ್ಸ್. ಚಿನ್ನ, ಬೆಳ್ಳಿ, ಕಂಚು ಎಂದರೆ ಒಂದು, ಎರಡು, ಮೂರು ಅನ್ನುವ ಲೆಕ್ಕ ಅಲ್ಲಿ ಬಂದದ್ದು 1904ರಲ್ಲಿ. 1896ರ ಅಥೆನ್ಸ್‌ನಲ್ಲಿ ಮೊದಲು ಬಂದವರಿಗೆ ಕೊಟ್ಟದ್ದು ಬೆಳ್ಳಿ! ಇನ್ನು ನಮ್ಮ ‘ಪದಕ’ ಮೂಲದಲ್ಲಿ ಹಾರಕ್ಕೆ ಪೋಣಿಸುವ ಒಡವೆ. ಸ್ಪರ್ಧೆಯ ವಾಸನೆಯೂ ಅದಕ್ಕಿರಲಿಲ್ಲ.

ಹಾಗಾದರೆ ಐಜೆಮ್ ಪದಕಕ್ಕೆ ನಿಶಾನೆ ಯಾವುದು? ಈಚಿನ ವರ್ಷಗಳಲ್ಲಿ ಕಂಚಿಗೆ ವಿಕಿ (ಪ್ರಾಜೆಕ್ಟ್ ವಿವರಿಸುವ ತಂಡದ ವೆಬ್‌ಸೈಟ್), ವಿಡಿಯೊ ಇತ್ಯಾದಿ ಒಪ್ಪಿಸಬೇಕು, ಮುಂದಿನ ತಂಡಗಳಿಗೆ ಉಪಯೋಗವಾಗುವಂಥದ್ದು ಏನಾದರೂ ಬಿಟ್ಟುಹೋಗಬೇಕು. ಬೆಳ್ಳಿಗೆ ಡಿಸೈನ್, ಬಿಲ್ಡ್, ಟೆಸ್ಟ್, ಲರ್ನ್ ಎಂಬ ಸುತ್ತನ್ನು ಮಾಡಿ ತೋರಿಸಬೇಕು. ಪ್ರಯೋಗ ಕೈಕೊಟ್ಟರೂ ಪರವಾಗಿಲ್ಲ, ಅದರಿಂದ ಏನು ಕಲಿತು ಏನು ಬದಲಿಸಿದಿರಿ ಅನ್ನುವುದು ಮುಖ್ಯ. ಇದು ನನಗೆ ತುಂಬಾ ಇಷ್ಟದ ನಿಯಮ. ಬ್ಯಾಕ್ಟೀರಿಯಾ ಹೇಳಿದ ಮಾತು ಕೇಳದ ದಿನವೂ ಕೆಲಸದ ದಿನವೇ ಅಲ್ವಾ? ಜೊತೆಗೆ ‘ಹ್ಯೂಮನ್ ಪ್ರಾಕ್ಟೀಸಸ್’, ಅಂದರೆ ಈ ಕೆಲಸ ಯಾರಿಗೆ ಬೇಕು, ಯಾರಿಗೆ ತೊಂದರೆ ಎಂದು ಜನರನ್ನೇ ಕೇಳಿ ಪ್ರಾಜೆಕ್ಟ್ ತಿದ್ದಿಕೊಳ್ಳುವುದು. ಚಿನ್ನಕ್ಕೆ ಇನ್ನೂ ಕೆಲವು ವಿಭಾಗಗಳಲ್ಲಿ ಮೇಲ್ಮಟ್ಟದ ಕೆಲಸ ಬೇಕು.

ತಂಡಕ್ಕೆ ತಂಡವನ್ನು ಹೋಲಿಸುವುದು ಬಹುಮಾನಗಳಲ್ಲಿ ಮಾತ್ರ. ಎಲ್ಲಕ್ಕಿಂತ ಮೇಲಿನದು ಗ್ರ್ಯಾಂಡ್ ಪ್ರೈಜ್. ‘ಪ್ರಥಮ’ ಅನ್ನುವ ಪದ ಅದಕ್ಕೆ ಹೊಂದುತ್ತದೆ.

ಮುಂದಿನ ಸಲ ಚಿನ್ನ ತಂದ ಹುಡುಗಿ ಸಿಕ್ಕರೆ ‘ಎಷ್ಟನೇ ಸ್ಥಾನ’ ಅಂತ ಕೇಳಬೇಡಿ. ತಂಡದ ವಿಕಿಯಲ್ಲಿ ‘ಅಟ್ರಿಬ್ಯೂಷನ್ಸ್’ ಪುಟ ತೋರಿಸು ಅನ್ನಿ. ಯಾವ ಕೆಲಸ ಯಾರು ಮಾಡಿದರು, ಹೊರಗಿನವರು ಯಾರು ಕೈಜೋಡಿಸಿದರು ಎಂದು ಅಲ್ಲಿ ಬರೆದಿರಲೇಬೇಕು. ಅವಳ ಹೆಸರಿನ ಮುಂದೆ ಏನಿದೆ ಅಂತ ಓದಿ.